ಸರೇಸಿನ ಒಲೆಗೆ ಹೋದ ಹಲಗೆ

ಕಾರಿನ ಡ್ಯಾಶ್‌ಬೋರ್ಡನ್ನು ಬಡಿಗ ಮಾಡುತ್ತಿದ್ದ ಅಂದರೆ ಈಗ ಗ್ಯಾರೇಜಿಗೆ ಸೇರುವವರು ನಂಬುವುದಿಲ್ಲ. ನಾನು ಹದಿನೆಂಟು ವರ್ಷ ಅದನ್ನೇ ಮಾಡಿದೆ. ನಿಪ್ಪಾಣಿಯಲ್ಲಿ ಹೆದ್ದಾರಿಗೆ ಹೊಂದಿಕೊಂಡ ಒಂದು ಗ್ಯಾರೇಜು, ಅದರ ಹಿಂದೆ ತಗಡಿನ ಶೆಡ್ಡು, ಆ ಶೆಡ್ಡಿನಲ್ಲಿ ನನ್ನ ಮೇಜು. ಈಚೆಗೆ ಹಳೆಯ ಕಾರುಗಳ ಹುಚ್ಚು ಮತ್ತೆ ಹೆಚ್ಚಾಗಿದೆ. ಈ ಕೆಲಸ ಕಲಿಯಬೇಕು ಅಂತ ಆಗಾಗ ಯಾರಾದರೂ ಮನೆ ಹುಡುಕಿಕೊಂಡು ಬರುತ್ತಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ. ಉಳಿ ಹಿಡಿಯುವುದನ್ನು ಯಾರಾದರೂ ಕಲಿಸುತ್ತಾರೆ. ನಾನು ಬರೆಯುತ್ತಿರುವುದು ನಾನು ಕೆಡಿಸಿದ್ದರ ಬಗ್ಗೆ.

ನನ್ನ ಊರು ಅಥಣಿ ತಾಲ್ಲೂಕಿನ ಅನಂತಪುರ. ಅಪ್ಪನ ಜೊತೆ ಬಾಗಿಲು, ಚೌಕಟ್ಟು, ಕಿಟಕಿ ಮಾಡಿಕೊಂಡಿದ್ದವನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಪ್ಪ ಹೊಡೆದ ಕೊಡತಿಯ ಏಟು ತಪ್ಪಿ ನನ್ನ ಬಲಗೈ ಹೆಬ್ಬೆರಳ ಮೇಲೆ ಬಿತ್ತು. ಉಗುರು ಹೋಗಿ ಹೊಸದು ಬಂತು, ಬೆರಳು ಮಾತ್ರ ಅಗಲವಾಗಿ ಚಪ್ಪಟೆಯಾಗಿಯೇ ಉಳಿಯಿತು. ಊರಲ್ಲಿ ಮರದ ಬಾಗಿಲು ಕೇಳುವವರು ಕಡಿಮೆಯಾಗಿ ಕಬ್ಬಿಣದ ಬಾಗಿಲುಗಳು ಬಂದ ಮೇಲೆ, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ನಡು ವಯಸ್ಸು ದಾಟಿ ನಿಪ್ಪಾಣಿಗೆ ಬಂದೆ. ಆ ವಯಸ್ಸಿನಲ್ಲಿ ಮತ್ತೆ ಶಿಷ್ಯನಾಗಿ ಕೂರುವುದು ಸುಲಭವಲ್ಲ. ಮೊದಲ ತಿಂಗಳು ದಿನವೂ ಸಂಜೆ ವಾಪಸು ಹೋಗಿಬಿಡೋಣ ಅನ್ನಿಸುತ್ತಿತ್ತು.

ನನಗೆ ಕಲಿಸಿದವರು ದಾದೂ ಮಿಸ್ತ್ರಿ. ಮನೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ, ಮರದ ಜೊತೆ ಬೈಗುಳ. ಮೊದಲ ದಿನ ನನ್ನ ಕೈಗೆ ಉಳಿ ಕೊಡಲಿಲ್ಲ, ಸ್ಕ್ರೂ ಡ್ರೈವರ್ ಕೊಟ್ಟರು.

"ಈರಪ್ಪ, ಮೊದಲ ಬಿಚ್ಚೂದ ಕಲಿ. ಕೂಡಸೂದ ಕತ್ತೆಗೂ ಬರತೈತಿ" ಅಂದರು.

ಅವರು ಹೇಳಿಕೊಟ್ಟ ರೀತಿ ಈಗಲೂ ಸರಿಯಾದದ್ದೇ. ಮೊದಲು ಬ್ಯಾಟರಿಯ ವಯರು ತೆಗೆಯಬೇಕು. ಆಮೇಲೆ ಒಂದು ರಟ್ಟಿನ ಮೇಲೆ ಡ್ಯಾಶ್‌ಬೋರ್ಡಿನ ಚಿತ್ರ ಬರೆದು, ಎಲ್ಲಿಂದ ಸ್ಕ್ರೂ ಬಂತೋ ಚಿತ್ರದಲ್ಲಿ ಅದೇ ಜಾಗಕ್ಕೆ ಚುಚ್ಚಿ ಇಡಬೇಕು. ಮೀಟರುಗಳ ಹಿಂದಿನ ವಯರಿಗೆ ಬಣ್ಣದ ದಾರ ಕಟ್ಟಬೇಕು. ಹಲಗೆ ಹೊರಗೆ ಬಂದ ಮೇಲೆ ಅದನ್ನು ಹಾರ್ಡ್‌ಬೋರ್ಡಿನ ಮೇಲೆ ಮಲಗಿಸಿ ಸುತ್ತಲೂ ಪೆನ್ಸಿಲ್ ಎಳೆದು ನಮೂನೆ ತೆಗೆಯಬೇಕು. ನಮೂನೆಯಲ್ಲಿ ಕೂದಲೆಳೆ ತಪ್ಪಿದರೆ ಹಲಗೆಯಲ್ಲಿ ಬೆರಳಗಲ ತಪ್ಪುತ್ತದೆ.

ನಾನು ತಪ್ಪಿದ್ದು ಬೆರಳಗಲವಲ್ಲ. ಹಾರೂಗೇರಿಯ ಒಬ್ಬ ಡಾಕ್ಟರರ ಕಾರಿಗೆ, ನಾನು ಒಬ್ಬನೇ ಮಾಡಿದ ಮೊದಲ ಹಲಗೆಯಲ್ಲಿ, ನಮೂನೆಯನ್ನು ಬೋರಲು ಹಾಕಿ ತೂತು ಕೊರೆದುಬಿಟ್ಟೆ. ಪಾಲಿಶು ಕನ್ನಡಿಯ ಹಾಗೆ ಬಂದಿತ್ತು. ಕೂರಿಸಲು ಹೋದರೆ ಸ್ಪೀಡ್ ಮೀಟರಿನ ತೂತು ಎಡಗಡೆ, ಡಾಕ್ಟರರ ಹೆಂಡತಿ ಕೂರುವ ಕಡೆ. ದಾದೂ ಮಿಸ್ತ್ರಿ ಬಹಳ ಹೊತ್ತು ಹಲಗೆಯನ್ನೇ ನೋಡಿದರು.

"ಬರೋಬರ ಐತಿ ಬಿಡು. ಎಷ್ಟ ಜೋರ ಹೊಂಟಾನ ಅನ್ನೂದ ಹೇಣ್ತಿಗೇ ಗೊತ್ತಾಗಬೇಕು."

ಅವರು ನಕ್ಕದ್ದು ಅದೊಂದೇ ಸಲ. ಮರುದಿನ ಆ ಹಲಗೆಯನ್ನು ನನ್ನ ಕೈಯಿಂದಲೇ ಒಡೆಸಿದರು. ತಪ್ಪಿದ ಕೆಲಸ ಶೆಡ್ಡಿನಲ್ಲಿ ಉಳಿದರೆ ಕೈ ಅದನ್ನೇ ಕಲಿಯುತ್ತದೆ ಅನ್ನುವುದು ಅವರ ನಂಬಿಕೆ.

ಗ್ಯಾರೇಜಿನ ಮಾಲೀಕರು ಬಾಳಾಸಾಹೇಬರು. ಕೆಟ್ಟವರಲ್ಲ, ಆದರೆ ಅವರ ಬಾಯಲ್ಲಿ 'ಶುಕ್ರವಾರ' ಬಿಟ್ಟರೆ ಬೇರೆ ದಿನ ಇರಲಿಲ್ಲ. ಸೋಮವಾರ ಬಂದವರಿಗೂ ಗುರುವಾರ ಬಂದವರಿಗೂ ಶುಕ್ರವಾರ ಕೊಡುತ್ತೇವೆ ಅನ್ನುತ್ತಿದ್ದರು. ಮರ ಶುಕ್ರವಾರಕ್ಕೆ ಒಣಗುವುದಿಲ್ಲ. ಮಳೆಗಾಲದಲ್ಲಿ ಅರಗಿನ ಪಾಲಿಶು ಎಳೆದರೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಅದನ್ನು ಕೆರೆದು ಮತ್ತೆ ಎಳೆಯಬೇಕು. ಇದನ್ನೆಲ್ಲ ಅವರಿಗೆ ತಿಳಿಸಿ ಹೇಳುವ ಹೊತ್ತಿಗೆ ಇನ್ನೊಂದು ಶುಕ್ರವಾರ ಬಂದಿರುತ್ತಿತ್ತು. ಶೆಡ್ಡಿನಲ್ಲಿ ಹಳೆಯ ಸಾಮಾನು ಕೂಡಿ ಬಿದ್ದರೂ ಅವರಿಗೆ ಆಗುತ್ತಿರಲಿಲ್ಲ. ದಾದೂ ಮಿಸ್ತ್ರಿಯ ಒಂದು ರೂಢಿ ಅವರಿಗೆ ಹಿಡಿಸಿದ್ದು ಅದಕ್ಕೇ.

ಆ ರೂಢಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಆಗ ನಾವು ಮರಕ್ಕೆ ಮರ ಅಂಟಿಸುತ್ತಿದ್ದದ್ದು ಸರೇಸಿನಿಂದ. ಎಲುಬು ಮತ್ತು ಚರ್ಮದಿಂದ ತೆಗೆದ ಅಂಟು ಅದು, ಬೆಲ್ಲದ ಚೂರಿನ ಹಾಗೆ ಗಟ್ಟಿಯಾಗಿ ಬರುತ್ತದೆ. ರಾತ್ರಿ ನೀರಿನಲ್ಲಿ ನೆನೆಸಿ, ಮರುದಿನ ಒಂದು ಪಾತ್ರೆಯ ನೀರಿನಲ್ಲಿ ಇನ್ನೊಂದು ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಕರಗಿಸಬೇಕು. ಕುದಿ ಬಂದರೆ ಸತ್ತಿತು, ಹಿಡಿಯುವುದಿಲ್ಲ. ಸಣ್ಣ ಉರಿ ಬೇಕೆಂದರೆ ಚೆನ್ನಾಗಿ ಒಣಗಿದ ಕಟ್ಟಿಗೆ ಬೇಕು. ನಲವತ್ತು ಐವತ್ತು ವರ್ಷ ಕಾರಿನಲ್ಲಿ ಬಿಸಿಲು ತಿಂದ ಹಲಗೆಗಿಂತ ಒಣಗಿದ್ದು ಎಲ್ಲಿ ಸಿಗಬೇಕು? ನಮೂನೆ ತೆಗೆದಾದ ಮೇಲೆ ದಾದೂ ಮಿಸ್ತ್ರಿ ಹಳೆಯ ಹಲಗೆಯ ಪಾಲಿಶು ಕೆರೆದು, ಸೀಳಿ, ಅದೇ ಕಾರಿನ ಹೊಸ ಹಲಗೆಗೆ ಬೇಕಾದ ಸರೇಸಿನ ಒಲೆಗೆ ಇಡುತ್ತಿದ್ದರು. ಒಂದು ಕಾರಿನ ಹಲಗೆ ಇನ್ನೊಂದು ಕಾರಿನ ಒಲೆಗೆ ಹೋಗಬಾರದು. "ಹಳೇದರ ಕಾವು ಹೊಸಾದಕ್ಕ ಹೋಗಬೇಕು. ಆಗ ಅದು ಗಾಡಿಗೆ ಹೊಂದತೈತಿ" ಅನ್ನುತ್ತಿದ್ದರು. ಅವರಿಗೆ ಕಲಿಸಿದವರೂ ಹಾಗೇ ಮಾಡುತ್ತಿದ್ದರಂತೆ.

ದಾದೂ ಮಿಸ್ತ್ರಿ ತೀರಿಹೋದ ಮೇಲೂ ನಾನು ಅದನ್ನು ನಡೆಸಿಕೊಂಡು ಬಂದೆ. ಅಷ್ಟರಲ್ಲಿ ಬಿಳಿ ಅಂಟಿನ ಡಬ್ಬಿಗಳು ಬಂದಿದ್ದವು. ಅರಗಿನ ಬದಲು ಗನ್ನಿನಿಂದ ಹೊಡೆಯುವ ಪಾಲಿಶು ಬಂತು. ಕೊಲ್ಲಾಪುರದಲ್ಲಿ ಯಂತ್ರ ತೂತು ಕೊರೆದುಕೊಡುತ್ತದೆ ಅಂದರು. ಕೊನೆಗೆ ಮರದ ಚಿತ್ರವಿರುವ ಪ್ಲಾಸ್ಟಿಕ್ ಹಾಳೆಯೇ ಬಂತು, ಅಂಟಿಸಿದರೆ ಮುಗಿಯಿತು. ಅಥಣಿಯ ಒಬ್ಬರು ಮದುವೆಗೆ ಬಾಡಿಗೆ ಕೊಡುವ ತಮ್ಮ ಹಳೆಯ ಕಾರಿಗೆ ಅದೇ ಬೇಕು ಅಂತ ಹಟ ಹಿಡಿದರು. ನಾಲ್ಕನೇ ಮದುವೆಯಲ್ಲಿ ಯಾರೋ ಆರತಿ ತಟ್ಟೆಯನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರಂತೆ, ಹಾಳೆ ಹಪ್ಪಳದ ಹಾಗೆ ಎದ್ದು ಮದುಮಗನ ಮುಂದೆ ಸುರುಳಿ ಸುತ್ತಿಕೊಂಡಿತು. ಕಾಗವಾಡದ ಒಬ್ಬ ದ್ರಾಕ್ಷಿ ಬೆಳೆಗಾರರು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಣದ್ರಾಕ್ಷಿ ಇಟ್ಟು ಮರೆತಿದ್ದರು, ಇಲಿ ಮರವನ್ನೂ ಬಿಡದೆ ತಿಂದಿತ್ತು. ಇಂಥವನ್ನೆಲ್ಲ ಸರಿ ಮಾಡಿದೆ. ಆ ಎಲ್ಲ ವರ್ಷಗಳಲ್ಲಿ ತಮ್ಮ ಹಳೆಯ ಹಲಗೆ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಹಾಗಾಗಿ ಆ ರೂಢಿಯಲ್ಲಿ ತಪ್ಪಿದೆ ಅಂತ ನನಗೆ ಹೊಳೆಯಲೂ ಇಲ್ಲ.

ಎರಡು ಸಾವಿರದ ಹತ್ತು ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಸುಜಾತಾ ಅನ್ನುವವರು ಬಂದರು. ಅಕ್ಕೋಳದವರು, ಚಿಕ್ಕೋಡಿಯ ಶಾಲೆಯಲ್ಲಿ ಕಲಿಸುತ್ತಿದ್ದರು. ಅವರ ತಂದೆ ಸಿದ್ರಾಮ ಅವರು ಮೂವತ್ತು ವರ್ಷ ಒಬ್ಬ ತಂಬಾಕು ವ್ಯಾಪಾರಿಯ ಕಾರು ಓಡಿಸಿದವರು. ವ್ಯಾಪಾರಿ ಊರು ಬಿಡುವಾಗ ಆ ವಿಲಾಯತಿ ಕಾರನ್ನು ಡ್ರೈವರಿಗೇ ಕೊಟ್ಟು ಹೋಗಿದ್ದ.

"ಮಿಸ್ತ್ರಿ ಕಾಕಾ, ಗಾಡಿ ಈಗ ಓಡಂಗಿಲ್ರಿ. ಆದ್ರ ಅಪ್ಪ ದಿನಾ ಮುಂಜಾನೆ ಅದರಾಗ ಹೋಗಿ ಕುಂಡರತಾರ. ಡ್ಯಾಶ್‌ಬೋರ್ಡ ಸೀಳೈತಿ. ಕೈಗೆ ಸಿಬರ ಚುಚ್ಚತಾವ. ಅವರಿಗೆ ಸಕ್ಕರಿ ಬ್ಯಾನಿ ಐತ್ರಿ, ಬೆರಳಿಗೆ ಆದ ಗಾಯ ಎರಡ ತಿಂಗಳಾತು ಮಾಯವಲ್ದು. ಡಾಕ್ಟರು ಬೆರಳ ತಗೀಬೇಕಾದೀತು ಅಂತಾರ."

"ಕುಂಡರಬ್ಯಾಡ ಅಂತ ಹೇಳ್ರಲ್ಲಾ ಅಕ್ಕಾರ."

"ಹೇಳೇನ್ರಿ. ಕೇಳಂಗಿಲ್ಲ. ಅದಕ್ಕ ಹಲಗೀನ ಬದಲ ಮಾಡ್ರಿ. ಸಿಬರ ಬರಲಾರದಂಗ, ಏಕದಮ್ ನುಣುಪಾಗಿರಬೇಕು."

ಓಡದ ಕಾರಿನಲ್ಲಿ ಕೂತವನ ಕೈ ಡ್ಯಾಶ್‌ಬೋರ್ಡಿನ ಮೇಲೆ ಯಾಕೆ ಆಡಬೇಕು ಅಂತ ನಾನು ಕೇಳಲಿಲ್ಲ. ಸಿಬಿರು ಅನ್ನುವ ಮಾತು ಕಿವಿಗೆ ಬಿತ್ತು, ಅದು ನನ್ನ ಕೆಲಸದ ಮಾತು, ಉಳಿದದ್ದು ನನ್ನ ಕೆಲಸವಲ್ಲ ಅಂದುಕೊಂಡೆ. ಸುಜಾತಾ ತಂದೆಯನ್ನು ತಪಾಸಣೆಗೆ ಚಿಕ್ಕೋಡಿಗೆ ಕರೆದುಕೊಂಡು ಹೋದ ದಿನ ನಾನು ಅಕ್ಕೋಳಕ್ಕೆ ಹೋದೆ. ಗಾಯದ ಉಪಚಾರಕ್ಕೆ ಅವರನ್ನು ಕೆಲವು ವಾರ ಅಲ್ಲೇ ಇಟ್ಟುಕೊಳ್ಳುವವರಿದ್ದರು. ಪಕ್ಕದ ಮನೆಯವರು ಬಾಗಿಲು ತೆಗೆದರು. ಹಲಗೆ ಮೂರು ಕಡೆ ಸೀಳಿತ್ತು. ಕೀಲಿ ಹಾಕುವ ಜಾಗದ ಪಕ್ಕದಲ್ಲಿ ಒಂದು ಸಣ್ಣ ಗುಳಿ, ಮೇಲಿನ ಪದರ ಪೂರ್ತಿ ಸವೆದು ಒಳಗಿನ ಮರ ಕಾಣುತ್ತಿತ್ತು. ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಹುಳುಕು ಇರಬೇಕು ಅಂದುಕೊಂಡೆ.

ನಮೂನೆ ತೆಗೆದೆ. ಹಲಗೆ ಸೀಳಿದೆ. ಒಲೆಗೆ ಇಟ್ಟೆ. ಬಿಳಿ ಅಂಟು ಇದ್ದರೂ ಈ ಕೆಲಸಕ್ಕೆ ಸರೇಸೇ ಆಗಲಿ ಅಂತ ನಾನೇ ನಿರ್ಧರಿಸಿದ್ದೆ, ಒಳ್ಳೆಯ ಜನರ ಕೆಲಸ ಅಂತ. ಮಧ್ಯಾಹ್ನದೊಳಗೆ ಹಳೆಯ ಹಲಗೆ ಬೂದಿಯಾಯಿತು.

ಆ ಹೊಸ ಹಲಗೆಯಂಥದ್ದನ್ನು ನಾನು ಮುಂದೆ ಮಾಡಲಿಲ್ಲ, ಹಿಂದೆಯೂ ಮಾಡಿರಲಿಲ್ಲ. ಎಡಕ್ಕೂ ಬಲಕ್ಕೂ ಒಂದೇ ಮರದ ಪದರ, ಪುಸ್ತಕ ತೆರೆದಿಟ್ಟ ಹಾಗೆ ಗೆರೆಗೆ ಗೆರೆ ಕೂಡಿತ್ತು. ಹನ್ನೆರಡು ಸಲ ಅರಗು ಎಳೆದೆ. ಬಾಳಾಸಾಹೇಬರೂ ಬಂದು ನೋಡಿ ಶುಕ್ರವಾರದ ಮಾತೆತ್ತದೆ ಹೋದರು.

ಕೂರಿಸಲು ಹೋದ ದಿನ ಸಿದ್ರಾಮ ಅವರನ್ನು ಮೊದಲ ಸಲ ನೋಡಿದೆ. ನಾನು ಕೊನೆಯ ಸ್ಕ್ರೂ ತಿರುಗಿಸುತ್ತಿದ್ದೆ. ಅವರು ಎಡಗೈಯಿಂದ ಗೋಡೆ ಸವರಿಕೊಂಡು ಅಂಗಳಕ್ಕೆ ಬಂದರು. ಬಲಗೈಯ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಕಣ್ಣು ತೆರೆದೇ ಇದ್ದವು, ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಸಕ್ಕರೆ ಅವರ ಕಣ್ಣನ್ನು ತಿಂದು ಆರು ವರ್ಷವಾಗಿತ್ತು. ನನ್ನ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಅಲ್ಲೇ ನಿಂತಿತು. ಕನ್ನಡಿಯಂಥ ಪಾಲಿಶನ್ನು ನಾನು ಯಾರಿಗಾಗಿ ಮಾಡಿದ್ದೆ?

ಅವರು ಬಾಗಿಲು ತೆಗೆದು ಕೂತರು. ಸ್ಟಿಯರಿಂಗು ಮುಟ್ಟಿದರು. ಹೆಬ್ಬೆರಳು ಕೀಲಿಯ ಪಕ್ಕಕ್ಕೆ ಹೋಯಿತು, ಜಾರಿತು. ಮತ್ತೆ ಹೋಯಿತು, ಮತ್ತೆ ಜಾರಿತು. ಐದಾರು ಸಲ ಹೀಗೆ ಆಯಿತು.

"ಇದ ಯಾರ ಗಾಡಿ ಅವ್ವಾ?" ಅಂತ ಮಗಳನ್ನು ಕೇಳಿದರು.

"ನಮ್ಮದ ಅಪ್ಪಾ. ಹಲಗಿ ಹೊಸಾದ ಹಾಕಸೇನಿ. ಮಿಸ್ತ್ರಿ ಕಾಕಾ ಇಲ್ಲೇ ಅದಾರ."

ಅವರು ನಾನಿದ್ದ ಕಡೆ ಮುಖ ತಿರುಗಿಸಿ ಕೈ ಜೋಡಿಸಿದರು. ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಒಳ್ಳೆಯದಿತ್ತು.

"ಮಿಸ್ತ್ರೀ, ಇಲ್ಲಿ ಒಂದ ತಗ್ಗ ಇತ್ತು. ಸಾವಕಾರ್ರು ಹಿಂದ ಕುಂತ ಬಾಗಲಾ ಹಾಕೂ ತನಕಾ ನಾ ಅಲ್ಲಿ ಹೆಬ್ಬಟ್ಟ ಇಟಗೊಂಡ ಕುಂಡರತಿದ್ದೆ. ಮೂವತ್ತ ವರ್ಷ. ಈಗ ಅಲ್ಲಿ ಬೆರಳ ಇಟ್ಟೆ ಅಂದ್ರ ದಾರಿ ಕಾಣತೈತ್ರಿ. ಹೊರಳು, ಗಿಡಾ, ಬಾವಿ, ಮುಂದ ನಿಪ್ಪಾಣಿ ನಾಕಾ, ಎಲ್ಲಾ ಒಂದರ ಹಿಂದ ಒಂದ ಬರತಾವ. ಬ್ಯಾರೆ ಕಡೆ ಕುಂತ್ರ ಬರಂಗಿಲ್ಲ."

ಸುಜಾತಾ ಬಾಗಿಲ ಹತ್ತಿರ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದರು. ತಂದೆಯ ಬೆರಳು ಉಳಿಸಲು ಹೋದವರು ಅವರು.

"ಹಳೇ ಹಲಗಿ ಐತೇನ್ರಿ?" ಸಿದ್ರಾಮ ಕೇಳಿದರು. "ಇದ್ರ ಅದನ್ನ ತಿರುಗಿ ಕೂಡಸ್ರಿ. ಸಿಬರ ಅಷ್ಟ ತಿಕ್ಕಿ ಕೊಡ್ರಿ, ಸಾಕು."

ಆಗ ನಿಜ ಹೇಳಬೇಕಿತ್ತು. ನಾನು ಆ ಹೆಣ್ಣುಮಗಳ ಮುಖ ನೋಡಿದೆ, ನನ್ನ ಹೆಸರಿನ ಚಿಂತೆಯೂ ಇತ್ತು, ಎರಡೂ ಕೂಡಿ ನಾಲಿಗೆ ಹೊರಳಿತು.

"ಐತ್ರಿ ಕಾಕಾ. ಶೆಡ್ಡನ್ಯಾಗ ಜ್ವಾಕಿಯಿಂದ ಇಟ್ಟೇನಿ. ಹದಿನೈದ ದಿನ ಕೊಡ್ರಿ, ಸಿಬರ ತಗದ ತರತೇನಿ."

ಅವರ ಮುಖ ಅರಳಿತು. ಆ ಮುಖ ನೆನೆದರೆ ಇವತ್ತಿಗೂ ನನಗೆ ಊಟ ಸೇರುವುದಿಲ್ಲ.

ಆ ಹದಿನೈದು ದಿನ ನಾನು ಮಾಡಿದ್ದು ಬಡಿಗತನವಲ್ಲ, ಕಳ್ಳತನ. ರಾಯಬಾಗ ಕಡೆ ಒಂದು ವಾಡೆಯ ಮನೆ ಕೆಡವಿದಾಗ ತಂದಿದ್ದ ಹಳೆಯ ಸಾಗುವಾನಿ ಇತ್ತು. ಅದನ್ನು ಕೊಯ್ದು, ಅದೇ ನಮೂನೆಗೆ ಕೂರಿಸಿದೆ. ಅಂಚುಗಳನ್ನು ಸವೆಸಿದೆ. ಚಹದ ನೀರು, ಎಣ್ಣೆ, ಮಸಿ ಹಚ್ಚಿ ತಿಕ್ಕಿದೆ. ಅವರ ಕಣ್ಣಿಗೆ ಕಾಣುವುದಿಲ್ಲ ಅಂತ ಗೊತ್ತಿದ್ದೂ ಬಣ್ಣ ಹೊಂದಿಸಿದೆ. ಕೈಯ ರೂಢಿ, ಮತ್ತೇನಲ್ಲ. ಗುಳಿಯ ಜಾಗ ನಮೂನೆಯಲ್ಲಿ ಇರಲಿಲ್ಲ. ಹುಳುಕು ಅಂದುಕೊಂಡದ್ದನ್ನು ಯಾರು ಗುರುತು ಹಾಕಿಕೊಳ್ಳುತ್ತಾರೆ? ನೆನಪಿನಿಂದಲೇ ಜಾಗ ಹಿಡಿದೆ. ಉಳಿಯಲ್ಲಿ ತೆಗೆದರೆ ಉಳಿಯ ಗುರುತು ಬೀಳುತ್ತದೆ ಅಂತ ಇಟ್ಟಿಗೆ ಪುಡಿ ಹಾಕಿ ಹೆಬ್ಬೆರಳಿನಿಂದಲೇ ತಿಕ್ಕುತ್ತ ಹೋದೆ. ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು. ಚರ್ಮ ಸುಲಿಯಿತು. ಹದಿಮೂರನೆಯ ದಿನ ಬೆರಳು ಅದರಲ್ಲಿ ತಾನಾಗಿಯೇ ಹೋಗಿ ಕೂತಿತು. ಸರಿಯಾಯಿತು ಅಂತ ನನಗೆ ಸಂತೋಷವೂ ಆಯಿತು, ಸುಳ್ಳು ಹೇಳಲಾರೆ.

ಮತ್ತೆ ಅಕ್ಕೋಳಕ್ಕೆ ಹೋಗಿ ಕೂರಿಸಿದೆ. ಸುಜಾತಾ ಶಾಲೆಗೆ ಹೋಗಿದ್ದರು. ಸಿದ್ರಾಮ ಬಂದು ಕೂತರು. ಬೆರಳು ಈ ಸಲ ಜಾರಲಿಲ್ಲ. ಗುಳಿ ಸಿಕ್ಕಿತು, ಬೆರಳು ಅಲ್ಲೇ ನಿಂತಿತು. ನಾನು ಉಸಿರು ಬಿಟ್ಟೆ. ಆದರೆ ಅವರು ಕೈ ತೆಗೆಯಲಿಲ್ಲ. ಬೆರಳನ್ನು ಆ ಕಡೆ ಈ ಕಡೆ ಹೊರಳಿಸಿದರು. ಅಂಗಳದಲ್ಲಿ ಒಂದು ಆಡು ಬಂದು ನನ್ನ ಚೀಲ ಮೂಸಿ ಹೋಯಿತು.

"ಮಿಸ್ತ್ರೀ, ಇಲ್ಲಿ ಬರ್ರಿ. ಬಲಗೈ ಕೊಡ್ರಿ."

ಕೊಟ್ಟೆ. ಅವರು ನನ್ನ ಹೆಬ್ಬೆರಳನ್ನು ಹಿಡಿದು ಉಗುರು, ಚಪ್ಪಟೆಯಾದ ತುದಿ, ಸುಲಿದ ಚರ್ಮ ಎಲ್ಲವನ್ನೂ ನಿಧಾನವಾಗಿ ಸವರಿದರು. ಆಮೇಲೆ ಅದನ್ನು ಒಯ್ದು ಗುಳಿಯಲ್ಲಿ ಇಟ್ಟರು. ಕೀಲಿಯಲ್ಲಿ ಕೀಲಿಕೈ ಕೂತಂತೆ ಕೂತಿತು.

"ಇದ ನಿಮ್ಮ ಬೆರಳ ಐತ್ರಿ" ಅಂದರು. "ನಂದು ಸಣ್ಣದು."

ನಾನು ಕೈ ಎಳೆದುಕೊಳ್ಳಲು ನೋಡಿದೆ, ಅವರು ಬಿಡಲಿಲ್ಲ.

"ಹಳೇದನ್ನ ಏನ ಮಾಡಿದ್ರಿ?"

"ಸುಟ್ಟೇನ್ರಿ ಕಾಕಾ. ಸರೇಸ ಕರಗಸಾಕ. ನಮ್ಮ ರೂಢಿ ಐತ್ರಿ."

"ಯಾವಾಗ?"

"ಹೋದ ಸಲ ಬರೂದಕ್ಕಿಂತ ಮೊದಲ."

ಅವರು ತಲೆಯಾಡಿಸಿದರು. ನನ್ನ ಕೈ ಬಿಟ್ಟರು.

"ಅವತ್ತ ಹೇಳಿದ್ರ ಆಗತಿತ್ತು ನೋಡ್ರಿ. ಇಲ್ಲ ಅಂದ್ರ ಇಲ್ಲ. ಹೊಸಾದಕ್ಕ ರೂಢಿ ಆಗತಿದ್ದೆ. ಹದಿನೈದ ದಿನ ನಾ ಅದರ ಹಾದಿ ಕಾದೇನಿ. ಈಗ ಇದರ ಮ್ಯಾಲ ಬೆರಳ ಇಟ್ರ ನೀವ ಕಾಣತೀರಿ. ದಾರಿ ಕಾಣಂಗಿಲ್ಲ."

ಇದನ್ನು ಬಿಚ್ಚಿ ಮತ್ತೆ ಆ ನುಣುಪಾದ ಹೊಸ ಹಲಗೆಯನ್ನೇ ಕೂರಿಸುತ್ತೇನೆ ಅಂದೆ. "ಅಸೂ ದೇ" ಅಂದರು. ಇರಲಿ ಬಿಡು ಅನ್ನುವ ಆ ಮರಾಠಿ ಮಾತನ್ನು ನಮ್ಮ ಕಡೆ ದಿನಕ್ಕೆ ನೂರು ಸಲ ಕೇಳುತ್ತೇವೆ. ಅಷ್ಟು ಭಾರವಾಗಿ ನಾನು ಅದನ್ನು ಇನ್ನೊಮ್ಮೆ ಕೇಳಿಲ್ಲ. ಹೊರಡುವಾಗ ನನಗೆ ಚಹ ಕುಡಿದು ಹೋಗಲು ಹೇಳಿದರು, ತಾವೇ ಗೋಡೆ ಹಿಡಿದು ಒಳಗೆ ಹೋಗಿ ಪಕ್ಕದ ಮನೆಯವರನ್ನು ಕರೆದರು. ಕುಡಿದೆ. ಇಲ್ಲ ಅನ್ನುವ ಧೈರ್ಯವಿರಲಿಲ್ಲ.

ಅಂದಿನಿಂದ ನಾನು ಯಾವ ಹಲಗೆಯನ್ನೂ ಒಲೆಗೆ ಇಡಲಿಲ್ಲ. ಬಾಳಾಸಾಹೇಬರು ಗೊಣಗಿದರು, ಗೊಣಗಲಿ ಅಂದೆ. ಕೆಲಸ ಬಿಟ್ಟು ಬರುವಾಗ ಅವನ್ನೆಲ್ಲ ಮನೆಗೆ ತಂದೆ. ಅಟ್ಟದ ಮೇಲೆ ಇವೆ, ಒಂದೊಂದರ ಹಿಂದೆ ಯಾರ ಕಾರಿನದು ಅಂತ ಬರೆದಿದೆ. ಯಾರೂ ಕೇಳಿಕೊಂಡು ಬಂದಿಲ್ಲ. ಈ ಕೆಲಸಕ್ಕೆ ಬರುವವರು ಬಿಚ್ಚುವ ಮೊದಲು ಕಾರಿನಲ್ಲಿ ಕೂರುವವರನ್ನು ಒಂದು ಸಲ ಕೂರಿಸಿ ನೋಡಿ. ಅವರ ಕೈ ಎಲ್ಲಿ ಹೋಗುತ್ತದೆ ನೋಡಿ. ನಾನು ದಾದೂ ಮಿಸ್ತ್ರಿಯಿಂದ ಕಲಿಯದೆ ಉಳಿದದ್ದು ಅದೊಂದೇ, ಅವರಿಗೂ ಅದು ಗೊತ್ತಿರಲಿಲ್ಲ.

ಮುಂದಿನ ವರ್ಷ ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿ ಸುಜಾತಾ ಸಿಕ್ಕರು. ನಾನು ತಪ್ಪಿಸಿಕೊಳ್ಳಲು ನೋಡಿದೆ, ಅವರೇ ಹತ್ತಿರ ಬಂದರು. ತಂದೆ ಅವರಿಗೆ ಏನೂ ಹೇಳಿರಲಿಲ್ಲ ಅಂತ ಅವರ ಮಾತಿನಲ್ಲೇ ತಿಳಿಯಿತು.

"ಕಾಕಾರ ಕೈ ಹೆಂಗೈತ್ರಿ ಅಕ್ಕಾರ?"

"ಗಾಯ ಪೂರಾ ಮಾಯ್ದೈತ್ರಿ. ಬೆರಳ ಉಳೀತು."

ಅಷ್ಟಾದರೂ ಆಯಿತಲ್ಲ ಅಂದುಕೊಂಡು ಕೇಳಿದೆ.

"ಗಾಡ್ಯಾಗ ಕುಂಡರತಾರೇನ್ರಿ ದಿನಾ?"

ಅವರು ನಿಪ್ಪಾಣಿಯ ಬಸ್ಸು ಬರುವ ಕಡೆ ನೋಡುತ್ತ ನಿಂತರು.

"ಇಲ್ರಿ" ಅಂದರು. "ಅದಕ್ಕೇ ಮಾಯ್ದೈತಿ."